ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಸ್ಕೂಟರ್ ಅನ್ನು 15 ವರ್ಷದ ಮಗನಿಗೆ ಕೊಡಿಸಬಹುದಾ?

ಮಗನಿಗೆ 15 ವರ್ಷ, ಟ್ಯೂಷನ್‌ಗೆ ದಿನಾ 4 ಕಿ.ಮೀ. ಹೋಗಬೇಕು, ಅಂಗಡಿಯವರು "ಇದಕ್ಕೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ" ಅಂತ ಒಂದು ಸ್ಕೂಟರ್ ತೋರಿಸಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಸ್ಕೂಟರ್ ಬೇಡ. ಪೆಡಲ್ ತುಳಿಯುವ ಎಲೆಕ್ಟ್ರಿಕ್ ಸೈಕಲ್ ಕೊಡಿಸಿ. ಇದೇ ವಿಷಯದಲ್ಲಿ ನಮ್ಮ ಮನೆಯವರು ನೋವು ತಿಂದಿದ್ದಾರೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇಂಥ ಗಾಡಿಗಳಿಗೆ ವಿನಾಯಿತಿ ಇದೆ. ಮೋಟಾರು ಅರ್ಧ ಗಂಟೆ ಸತತವಾಗಿ ಕೊಡುವ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿ.ಮೀ. ಮುಟ್ಟಬಾರದು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆ.ಜಿ. ದಾಟಬಾರದು. ಇಷ್ಟನ್ನೂ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿರಬೇಕು. ಆಗ ಮಾತ್ರ ಅದು ಕಾನೂನಿನ ಪ್ರಕಾರ ಮೋಟಾರು ವಾಹನ ಅಲ್ಲ. ಈ ಪರೀಕ್ಷೆಯ ಮಾತನ್ನು ಮಾತ್ರ ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ನೀವೇ ಕೇಳಿ. "ಈ ಮಾಡೆಲ್‌ನ ಪರೀಕ್ಷಾ ಪತ್ರ ತೋರಿಸಿ" ಅನ್ನಿ. ನಾಳೆ ಕೊಡ್ತೀನಿ ಅಂದರೆ ಎದ್ದು ಬನ್ನಿ.

ಹಾಸನದಲ್ಲಿರುವ ನನ್ನ ಅಕ್ಕ ಮಗನಿಗೆ ಇಂಥದ್ದೇ ಸ್ಕೂಟರ್ ಕೊಡಿಸಿದಳು. ಸೀಟು ಎತ್ತಿದರೆ ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ ಕಾಣುತ್ತದೆ, ಅದೇ ಮೋಟಾರಿನ ವೇಗ ಹತೋಟಿಯಲ್ಲಿಡುವ ಕಂಟ್ರೋಲರ್. ಅದರಿಂದ ಹೊರಟ ವೈರುಗಳ ಮಧ್ಯೆ ಒಂದು ಸಣ್ಣ ಬಿಳಿ ವೈರಿನ ಕುಣಿಕೆ ಇತ್ತು. ಅದನ್ನು ಬಿಚ್ಚಿದರೆ ವೇಗದ ಮಿತಿ ಹೋಗುತ್ತದೆ. ಅಂಗಡಿಯವನೇ ಹುಡುಗನಿಗೆ ಅದನ್ನು ತೋರಿಸಿಕೊಟ್ಟಿದ್ದ. ಮೂರನೇ ವಾರದಲ್ಲಿ, 40ರ ಹತ್ತಿರ ಓಡುತ್ತಿದ್ದಾಗ, ತಿರುವಿನಲ್ಲಿ ಹುಡುಗ ಹೂ ಮಾರುವ ಹೆಂಗಸಿಗೆ ಡಿಕ್ಕಿ ಹೊಡೆದ. ಆಕೆಯ ಮಣಿಕಟ್ಟು ಮುರಿಯಿತು. ರಸ್ತೆ ತುಂಬಾ ಸೇವಂತಿಗೆ ಚೆಲ್ಲಿತ್ತು. ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಆರು ತಿಂಗಳು ಅವನು ಆ ಬೀದಿಯಲ್ಲಿ ಕಾಲಿಡಲಿಲ್ಲ.

ವೇಗ 25ರಿಂದ 40ಕ್ಕೆ ಏರಿದರೆ ಡಿಕ್ಕಿಯ ಹೊಡೆತದಲ್ಲಿರುವ ಶಕ್ತಿ ಎರಡೂವರೆ ಪಟ್ಟು ಜಾಸ್ತಿಯಾಗುತ್ತದೆ. ಬ್ರೇಕು, ಟಯರು ಮಾತ್ರ ಅವೇ.

ಆಸ್ಪತ್ರೆ ಖರ್ಚು, ಆಕೆಯ ಎರಡು ತಿಂಗಳ ದುಡಿಮೆ, ಎಲ್ಲಾ ಅಕ್ಕನ ಕೈಯಿಂದಲೇ ಹೋಯಿತು. ಅದು ನ್ಯಾಯವೇ. ಆದರೆ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದಿದ್ದರೆ ಆಕೆಗೆ ಇನ್ನೂ ಜಾಸ್ತಿ ಸಿಗಬಹುದಿತ್ತು. ನೋಂದಣಿಯೇ ಬೇಡದ ಗಾಡಿಗೆ ಆ ಇನ್ಶೂರೆನ್ಸ್ ಕಡ್ಡಾಯ ಇಲ್ಲ, ಹಾಗಾಗಿ ಯಾರೂ ಮಾಡಿಸುವುದಿಲ್ಲ. ಆ ವೈರ್ ಬಿಚ್ಚಿದ ಕ್ಷಣದಿಂದ ಅದು ನಂಬರ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ಓಡಿಸುವವನು ಅಪ್ರಾಪ್ತ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಪ್ರಕಾರ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗದು. ಆ ಹೆಂಗಸು ದೊಡ್ಡ ಮನಸ್ಸು ಮಾಡಿ ದೂರು ಕೊಡಲಿಲ್ಲ.

ನಮ್ಮ ಮಗ ಹಾಗೆ ಮಾಡಲ್ಲ ಅಂತ ನಿಮಗೆ ಅನ್ನಿಸಬಹುದು. ನನ್ನ ಅಕ್ಕನೂ ಹಾಗೇ ಅಂದುಕೊಂಡಿದ್ದಳು. ಆದರೆ ಗಾಡಿಯೇ ಆ ಆಸೆ ಹುಟ್ಟಿಸುತ್ತದೆ. ನಿಯಮ ಪಾಲಿಸುವ ಸ್ಕೂಟರು, ಹುಡುಗ, ಬ್ಯಾಟರಿ ಸೇರಿ 140 ಕೆ.ಜಿ. ಅಂತಿಟ್ಟುಕೊಳ್ಳಿ. ನೂರು ಮೀಟರ್‌ಗೆ ಐದು ಮೀಟರ್ ಏರುವ ದಿಣ್ಣೆಯಲ್ಲಿ 250 ವ್ಯಾಟ್ ಅದನ್ನು ಗಂಟೆಗೆ ಸುಮಾರು 10 ಕಿ.ಮೀ. ವೇಗದಲ್ಲಿ ಎಳೆಯುತ್ತದೆ, ಅಷ್ಟೇ. ಪಕ್ಕದಲ್ಲಿ ಓಡುವವನು ಮುಂದೆ ಹೋಗುತ್ತಾನೆ! ಹಿಂದೆ ಗೆಳೆಯ ಕೂತರಂತೂ ಕೇಳಲೇಬೇಡಿ. ಆಗ "ಒಂದು ವೈರ್ ತೆಗೆದರೆ ಸರಿಹೋಗತ್ತೆ" ಅಂತ ಯಾರಾದರೂ ಹೇಳಿದರೆ ಹದಿನೈದರ ಹುಡುಗ ಸುಮ್ನೆ ಇರುತ್ತಾನಾ?

ಸೈಕಲ್‌ನ ವಿಷಯ ಬೇರೆ. ಅದು ಇಪ್ಪತ್ತು ಚಿಲ್ಲರೆ ಕೆ.ಜಿ. ಅಷ್ಟೇ, ಜೊತೆಗೆ ಹುಡುಗನ ಕಾಲಿನ ಬಲವೂ ಸೇರುತ್ತದೆ. ಅದೇ ದಿಣ್ಣೆಯನ್ನು ಆರಾಮಾಗಿ ಹತ್ತಿಬಿಡುತ್ತದೆ. ತುಳಿಯುವುದು ನಿಲ್ಲಿಸಿದರೆ ಮೋಟಾರು ನಿಲ್ಲಬೇಕು, 25 ಮುಟ್ಟುವ ಹೊತ್ತಿಗೂ ನಿಲ್ಲಬೇಕು ಅಂತ ನಿಯಮವೇ ಹೇಳುತ್ತದೆ. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯಾ ನೋಡಿ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಸಿಕ್ಕಿದರೆ ಒಂದು ಯೂನಿಟ್ ಕರೆಂಟಿನಲ್ಲಿ ಎರಡು ಸಲ ಪೂರ್ತಿ ಚಾರ್ಜ್ ಆಗುತ್ತದೆ. ದಿನಾ 8 ಕಿ.ಮೀ. ಓಡಾಟಕ್ಕೆ ಮೂರು ದಿನಕ್ಕೊಮ್ಮೆ ಹಾಕಿದರೆ ಸಾಕು. ಚಾರ್ಜ್ ಖಾಲಿಯಾದರೂ ತುಳಿದುಕೊಂಡು ಮನೆಗೆ ಬರಬಹುದು.

ಚಾರ್ಜಿಂಗ್ ವಿಷಯದಲ್ಲಿ ಉದಾಸೀನ ಬೇಡ. 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮೇಲೆ ನೋಂದಣಿಯಾಗುವ ಗಾಡಿಗಳ ಬ್ಯಾಟರಿಗೆ ಎಐಎಸ್-156 ಅನ್ನುವ ಸುರಕ್ಷತಾ ನಿಯಮ ಬಿಗಿ ಮಾಡಿದರು. ಆದರೂ ಬ್ಯಾಟರಿ ಯಾವುದೇ ಇರಲಿ, ಜೊತೆಗೆ ಕೊಟ್ಟ ಚಾರ್ಜರನ್ನೇ ಬಳಸಿ. ಓಡಿಸಿ ಬಂದ ತಕ್ಷಣ ಹಾಕಬೇಡಿ, ತಣ್ಣಗಾಗಲಿ. ರಾತ್ರಿ ಮಲಗುವಾಗ ಹಾಕಬೇಡಿ. ಮೆಟ್ಟಿಲ ಕೆಳಗೆ, ಹೊರಬಾಗಿಲ ಪಕ್ಕ ಇಡಲೇಬೇಡಿ. ಬೆಂಕಿ ಬಿದ್ದರೆ ನೀವು ಹೊರಗೆ ಓಡುವ ದಾರಿ ಅದೇ ಅಲ್ವಾ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕುವ ಮಾತೇ ಇಲ್ಲ.

ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ನನಗೆ ಸಿಟ್ಟಿಲ್ಲ. ಹಸಿರು ನಂಬರ್ ಪ್ಲೇಟಿನದ್ದನ್ನು ನಾನೇ ಓಡಿಸುತ್ತೇನೆ. ನಿಮ್ಮ ಮಗನಿಗೂ 18 ಆಗಿ ಲೈಸೆನ್ಸ್ ಬಂದ ಮೇಲೆ ಅಂಥದ್ದನ್ನೇ ಕೊಡಿಸಿ.

ಈಗ ಹೆಲ್ಮೆಟ್ ಮೊದಲು ಕೊಳ್ಳಿ, ಸೈಕಲ್ ಆಮೇಲೆ. ದುಡ್ಡು ಕೊಡುವ ಮುಂಚೆ ಸೈಕಲನ್ನು ಟ್ಯೂಷನ್ ದಾರಿಯ ದೊಡ್ಡ ದಿಣ್ಣೆಗೆ ತಂದು, ಪುಸ್ತಕದ ಬ್ಯಾಗ್ ಹಾಕಿಸಿ ಹತ್ತಿಸಿ ನೋಡಿ. ಇಳಿಯುವಾಗ ಎರಡೂ ಬ್ರೇಕ್ ಹಿಡಿಸಿ ನೋಡಿ. ಮಳೆ ಬಂದ ದಿನ ಇನ್ನೊಮ್ಮೆ ಅದೇ ಇಳಿಜಾರಿನಲ್ಲಿ ಅವನ ಜೊತೆ ನೀವೂ ನಿಂತು ನೋಡಿ.