ಓದುಗರ ಪ್ರಶ್ನೆ: ಊರಿಗೆಲ್ಲ ಬೇಕಾಗಿದ್ದ ಅಪ್ಪನ ಬಗ್ಗೆ ಏನೆಂದು ಬರೆಯಲಿ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘ ಶುರುವಾದಂದಿನಿಂದ ನಮ್ಮ ತಂದೆಯೇ ಕಾರ್ಯದರ್ಶಿಯಾಗಿದ್ದರು. ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ವರ್ಷದ ತಿಥಿಯ ದಿನ ಹಂಚಲು ಒಂದು ಸಣ್ಣ ಪುಸ್ತಕ ಮಾಡಿಸೋಣ ಎಂದು ಊರಿನವರು ಹೇಳಿ, ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಕುಳಿತರೆ ‘ಸರಳ ಸಜ್ಜನ, ಪರೋಪಕಾರಿ, ಅಜಾತಶತ್ರು’ ಎಂದು ಬರುತ್ತದೆ. ಅದರಲ್ಲಿ ಅಪ್ಪ ಕಾಣಿಸುವುದಿಲ್ಲ. ಇನ್ನೊಂದು ಸಂಕೋಚವೂ ಇದೆ. ಊರಿಗೆಲ್ಲ ಒದಗಿದವರು ಮನೆಯ ಎಷ್ಟೋ ಕೆಲಸಕ್ಕೆ ಸಿಗುತ್ತಿರಲಿಲ್ಲ. ಅದನ್ನು ಬರೆಯಬಹುದೇ?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ತಂದೆಯವರನ್ನು ನಾನು ನೋಡಿದವಳಲ್ಲ. ಆದರೆ ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದ ಮನೆಯಿಂದ ಬಂದವಳು. ಕಾರ್ಯದರ್ಶಿಯ ಕೆಲಸ ಎಂಥದ್ದೆಂದು ಬಲ್ಲೆ. ಯುಗಾದಿಯಿರಲಿ, ಊರಹಬ್ಬವಿರಲಿ, ಸ್ವಂತ ಮಗಳ ಮದುವೆಯಿರಲಿ, ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಡೇರಿಯ ಬಾಗಿಲು ತೆರೆಯಲೇಬೇಕು. ಲ್ಯಾಕ್ಟೋಮೀಟರ್ ಬಿಟ್ಟು ನೋಡಬೇಕು, ಜಿಡ್ಡಿನ ಅಂಶ ಬರೆದುಕೊಳ್ಳಬೇಕು, ಬಟವಾಡೆಯ ದಿನ ಪೈಸೆಗೂ ಲೆಕ್ಕ ಕೊಡಬೇಕು. ಇವೆಲ್ಲಕ್ಕಿಂತ ಕಷ್ಟದ್ದು ಇನ್ನೊಂದಿದೆ. ಕ್ಯಾನಿನ ಹಾಲಿಗೆ ನೀರು ಬಿದ್ದಿದೆ ಎಂದು ನೆಂಟನ ಮುಖಕ್ಕೇ ಹೇಳಿ ಹಿಂದಕ್ಕೆ ಕಳಿಸಿ, ಸಂಜೆ ಅವನ ಜಗಲಿಯ ಮುಂದೆಯೇ ನಡೆದು ಮನೆಗೆ ಹೋಗಬೇಕು. ಇಂಥ ಕೆಲಸದಲ್ಲಿ ಅಷ್ಟು ಕಾಲ ಇದ್ದವರಿಗೆ ಶತ್ರುಗಳೇ ಇರಲಿಲ್ಲವೆಂದರೆ ನಾನು ನಂಬಲಾರೆ. ಹಾಲು ವಾಪಸು ಪಡೆದು ಸಿಟ್ಟಾದವರು ಯಾರು, ಅವರು ಮತ್ತೆ ಹೇಗೆ ಮಾತಿಗೆ ಬಂದರು, ಮೊದಲು ಮಾತನಾಡಿಸಿದವರು ಯಾರು? ಅದನ್ನು ಕೇಳಿ ಬರೆಯಿರಿ. ನಿಮ್ಮ ಅಪ್ಪ ಕಾಣಿಸುವುದು ಅಲ್ಲಿ.

ಸಂಘ ಹುಟ್ಟಿದ ಬಗೆಯನ್ನೂ ಬಿಡಬೇಡಿ. ಹಾಲು ಹಾಕುವವರೇ ಸಂಘದ ಒಡೆಯರಾಗುವ ಗುಜರಾತಿನ ಆಣಂದದ ಮಾದರಿಯನ್ನು ಹಿಡಿದು, ವಿಶ್ವಬ್ಯಾಂಕಿನ ನೆರವಿನಿಂದ, 1974ರಲ್ಲಿ ನಮ್ಮಲ್ಲಿ ಹೈನು ಅಭಿವೃದ್ಧಿ ನಿಗಮ ಶುರುವಾಯಿತು. ಹತ್ತು ವರ್ಷದ ಮೇಲೆ, 1984ರಲ್ಲಿ, ಅದು ಹಾಲು ಮಹಾಮಂಡಳವಾಯಿತು. ಪುಸ್ತಕಗಳಲ್ಲಿ ಇಷ್ಟು ಸಿಗುತ್ತದೆ. ನಿಮ್ಮ ಊರಿನಲ್ಲಿ ಮನೆಮನೆಗೆ ಹೋಗಿ ಷೇರು ಹಣ ಕೇಳಿದವರು ಯಾರು, ಕಟ್ಟಡವಿಲ್ಲದಾಗ ಕೋಣೆ ಬಿಟ್ಟುಕೊಟ್ಟವರು ಯಾರು, ಮಳೆಗಾಲದಲ್ಲಿ ಹಾಲಿನ ಲಾರಿ ಊರೊಳಗೆ ಬರಲಾಗದಿದ್ದರೆ ಕ್ಯಾನುಗಳನ್ನು ಹೊತ್ತವರು ಯಾರು ಎಂಬುದು ಮಾತ್ರ ಎಲ್ಲಿಯೂ ಸಿಗದು. ಸಂಘದ ಹಳೆಯ ನಡಾವಳಿ ಪುಸ್ತಕವನ್ನು ಕೇಳಿ ಪಡೆಯಿರಿ. ಅದರಲ್ಲಿ ಅವರ ಕೈಬರಹವಿರುತ್ತದೆ. ಒಂದು ಠರಾವನ್ನು ಹಾಗೆಯೇ ಅಚ್ಚು ಹಾಕಿಸಿ. ಅಧ್ಯಕ್ಷರು, ನಿರ್ದೇಶಕರ ಬಳಿ ಆಮೇಲೆ ಹೋದರಾಯಿತು. ಒಂದೇ ಹಸು ಕಟ್ಟಿಕೊಂಡು ಬದುಕಿದ ಹೆಂಗಸರನ್ನು ಮೊದಲು ಮಾತನಾಡಿಸಿ. ಸಭೆಗಳಲ್ಲಿ ಮಾತನಾಡದ ಅವರಿಗೆ ಹೇಳುವುದು ಬಹಳ ಇರುತ್ತದೆ.

ನಿಮ್ಮ ತಾಲ್ಲೂಕಿನವರಿಗೆ ಇದನ್ನು ಹೇಳಿಕೊಡಬೇಕಾಗಿಯೂ ಇಲ್ಲ. ಆತಕೂರಿನ ಶಾಸನ ನಿಮ್ಮದೇ ಅಲ್ಲವೇ? ಕ್ರಿ.ಶ. 949ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗರ ಅರಸ ಬೂತುಗ ಮೆಚ್ಚಿ, ಬೇಕಾದ್ದನ್ನು ಕೇಳು ಎನ್ನುತ್ತಾನೆ. ಅವನು ಕೇಳುವುದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಗಾಗಿ ಕಲ್ಲು ನೆಟ್ಟು ಭೂಮಿ ಬಿಟ್ಟರು. ಹೆಸರು, ಜಾಗ, ನಡೆದ ಸಂಗತಿ, ಬಿಟ್ಟ ಭೂಮಿ ಎಲ್ಲವೂ ಅದರಲ್ಲಿದೆ. ಹಾಗಾಗಿಯೇ ಸಾವಿರ ವರ್ಷ ಕಳೆದರೂ ಆ ಒಂದು ನಾಯಿಯನ್ನು ನಾವು ಗುರುತಿಸಬಲ್ಲೆವು. ನಾನು ಪತ್ರಿಕೆಯಲ್ಲಿ ಶ್ರದ್ಧಾಂಜಲಿಯ ಪುಟ ನೋಡಿಕೊಳ್ಳುತ್ತಿದ್ದಾಗ, ಎದೆಯೊಡೆದು ಅಳುತ್ತಾ ಬರೆದ ಮಕ್ಕಳ ಬರಹಗಳಲ್ಲಿ ಒಬ್ಬರ ತಂದೆಯ ಹೆಸರು ತೆಗೆದು ಇನ್ನೊಬ್ಬರದನ್ನು ಸೇರಿಸಿದರೂ ತಿಳಿಯುತ್ತಿರಲಿಲ್ಲ. ಅವರ ದುಃಖ ನಿಜವಾಗಿತ್ತು. ಅಪ್ಪ ಏನು ಮಾಡಿದರೆಂದು ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಇನ್ನು ಮನೆಯ ಮಾತು. ಖಂಡಿತ ಬರೆಯಿರಿ. ಆದರೆ ಅದು ಆಪಾದನೆಯಾಗದಿರಲಿ, ಲೆಕ್ಕವಾಗಲಿ. ಅವರು ಡೇರಿಯಲ್ಲಿದ್ದ ಹೊತ್ತಿಗೆ ಮನೆಯ ಹಸುಗಳನ್ನು ಕರೆದವರು ಯಾರು? ಕಬ್ಬಿನ ಗದ್ದೆಗೆ ನೀರು ಕಟ್ಟಿದವರು ಯಾರು, ಜ್ವರ ಬಂದಾಗ ನಿಮ್ಮನ್ನು ಎತ್ತಿಕೊಂಡು ಬಸ್ಸು ಹತ್ತಿದವರು ಯಾರು? ಬಹುಶಃ ನಿಮ್ಮ ತಾಯಿ. ಹಾಗಿದ್ದರೆ ಊರು ನೆನೆಯುತ್ತಿರುವ ಕೆಲಸದಲ್ಲಿ ಅರ್ಧ ಅವರದು. ಪುಸ್ತಕದಲ್ಲಿ ಅವರ ಹೆಸರು ‘ಧರ್ಮಪತ್ನಿ’ ಎಂಬ ಒಂದು ಸಾಲಿಗೆ ಮುಗಿಯಬಾರದು. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ಹೇಳಿ. ಅವರು ಬೇಡವೆಂದದ್ದನ್ನು ತೆಗೆಯಿರಿ. ಹಾಗೆಯೇ ಅಪ್ಪ ಯಾರಿಗೆ ಎಷ್ಟು ಕೈಗಡ ಕೊಟ್ಟರು, ಯಾರ ಜಗಳ ಬಿಡಿಸಿದರು ಎಂಬುದನ್ನು ಹೆಸರು ಹಾಕಿ ಬರೆಯಬೇಡಿ. ಅವರು ಕಾಪಾಡಿದ ಗುಟ್ಟನ್ನು ಮಗ ಒಡೆಯುವುದು ತಪ್ಪು.

ಹುಟ್ಟಿದ ದಿನವನ್ನು ಶಾಲೆಯ ದಾಖಲೆಯಿಂದ ಕಣ್ಣುಮುಚ್ಚಿ ಎತ್ತಿಕೊಳ್ಳಬೇಡಿ. ಆ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ಮೇಷ್ಟ್ರು ಬರೆದದ್ದೇ ತಾರೀಖು. ಸೋದರತ್ತೆಯರಿದ್ದರೆ ಯಾವ ಹಬ್ಬದ ಹಿಂದುಮುಂದು ಎಂದು ವಿಚಾರಿಸಿ.

ಪ್ರಶ್ನೆ: ನನ್ನ ತಾತ ನಮ್ಮೂರ ದೇವಸ್ಥಾನದಲ್ಲಿ ಭಜನೆ ಕಲಿಸಿದವರು, ಈಗ ಎಂಬತ್ತು ದಾಟಿದೆ. ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಆಸೆ. ಬದುಕಿರುವಾಗಲೇ ಹೀಗೆಲ್ಲ ಮಾಡುವುದು ಅಪಶಕುನ ಎಂದು ಮನೆಯಲ್ಲಿ ಬೈಯುತ್ತಾರೆ.
— ಓದುಗಳು, ಸಾಗರ

ಉತ್ತರ: ಸಂದರ್ಶನ ಎಂದರೆ ಮನೆಯವರಿಗೆ ಭಯವಾಗುತ್ತದೆ. ನೀವು ಭಜನೆ ಕಲಿಯಲು ಕುಳಿತುಕೊಳ್ಳಿ. ಕಲಿಯುವುದಕ್ಕೆ ಬೇಕೆಂದು ತಾತನಿಗೇ ಹೇಳಿ, ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳಿ. ಯಾರಿಂದ ಕಲಿತಿರಿ, ತಾಳ ಹಾಕುತ್ತಿದ್ದವರು ಯಾರು ಎಂದು ಹಾಡಿನ ನಡುವೆ ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ. ಅಜ್ಜಿ ಮಧ್ಯೆ ಬಾಯಿ ಹಾಕಿ ತಿದ್ದಿದರೆ ತಡೆಯಬೇಡಿ. ಹಳೆಯ ಫೋಟೊಗಳನ್ನೂ ಅದೇ ಹೊತ್ತಿಗೆ ಮುಂದಿಟ್ಟು, ಹಿಂಬದಿಯಲ್ಲಿ ಮೆತ್ತಗಿನ ಪೆನ್ಸಿಲಿನಿಂದ ಎಲ್ಲರ ಹೆಸರು ಬರೆಯಿರಿ. ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ. ಮುದ್ರಿಸಿದ್ದನ್ನು ಒಂದೇ ಮೊಬೈಲಿನಲ್ಲಿ ಬಿಡದೆ ಚಿಕ್ಕಪ್ಪಂದಿರ ಮನೆಗೂ ಒಂದು ಪ್ರತಿ ಕಳಿಸಿ. ಶುರುಮಾಡುವುದು ಈ ಭಾನುವಾರವೇ ಆಗಲಿ.