ಪದೇ ಪದೇ ಬೀಳುವ ಆರ್‌ಸಿಸಿಬಿಯನ್ನು ತೆಗೆಸಿಬಿಡಬಹುದೇ?

ಪ್ರಶ್ನೆ: ನಮ್ಮ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ವಾರಕ್ಕೆ ಎರಡು ಮೂರು ಸಲ ಬೀಳುತ್ತದೆ. ಮಳೆ ಬಂದ ದಿನವಂತೂ ಎತ್ತಿದರೆ ನಿಲ್ಲುವುದೇ ಇಲ್ಲ. ನೋಡಲು ಬಂದ ಎಲೆಕ್ಟ್ರಿಷಿಯನ್, "ಇದನ್ನು ತೆಗೆದು ಡೈರೆಕ್ಟ್ ಮಾಡಿಕೊಡ್ತೀನಿ, ಹೇಗೂ ಎಂಸಿಬಿಗಳಿವೆಯಲ್ಲ" ಎನ್ನುತ್ತಾರೆ. ಹಾಗೆ ಮಾಡಿಸಬಹುದೇ?

ಉತ್ತರ: ದಯವಿಟ್ಟು ಮಾಡಿಸಬೇಡಿ. ನಿಮ್ಮ ಮನೆಯಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ. ಆ ಸ್ವಿಚ್ಚು ಬಿದ್ದಾಗಲೆಲ್ಲ ಅದನ್ನೇ ಹೇಳುತ್ತಿದೆ.

ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ವೈರು ತಾಳುವುದಕ್ಕಿಂತ ಹೆಚ್ಚು ಲೋಡ್ ಬಿದ್ದರೆ ಅಥವಾ ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ. ನೀವು ಒದ್ದೆ ಕೈಯಲ್ಲಿ ಫೇಸ್ ಮುಟ್ಟಿದಿರಿ ಎಂದುಕೊಳ್ಳಿ. ಆಗ ದೇಹದ ರೋಧ ಸಾವಿರ ಓಮ್‌ನ ಆಸುಪಾಸಿಗೆ ಇಳಿಯಬಹುದು. 230 ವೋಲ್ಟಿನಲ್ಲಿ ಮೈಯೊಳಗೆ ಹರಿಯುವುದು ಸುಮಾರು 230 ಮಿಲಿಆಂಪಿಯರ್, ಅಂದರೆ ಕಾಲು ಆಂಪಿಯರ್ ಕೂಡ ಅಲ್ಲ. 16 ಆಂಪಿಯರಿನ ಎಂಸಿಬಿಗೆ ಇದು 60 ವ್ಯಾಟಿನ ಬಲ್ಬು ಉರಿದಷ್ಟೂ ಆಗುವುದಿಲ್ಲ. ಅದು ಅಲುಗಾಡದೆ ಕೂತಿರುತ್ತದೆ. ಮನುಷ್ಯನಿಗೋ, ಸುಮಾರು 10 ಮಿಲಿಆಂಪಿಯರ್ ಹರಿದರೇ ಸ್ನಾಯು ಬಿಗಿದು ಹಿಡಿದ ಕೈ ಬಿಡಿಸಿಕೊಳ್ಳಲಾಗದಂತೆ ಆಗಬಹುದು. ಅದರ ಹಲವು ಪಟ್ಟು ಕರೆಂಟು ಒಂದೆರಡು ಸೆಕೆಂಡು ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ತಾಳ ತಪ್ಪಬಹುದು.

ಆರ್‌ಸಿಸಿಬಿ ಲೆಕ್ಕ ಹಾಕುವ ರೀತಿಯೇ ಬೇರೆ. ಅದರೊಳಗೆ ಒಂದು ಬಳೆಯಾಕಾರದ ಕೋರ್ ಇದೆ. ಹೋಗುವ ಫೇಸ್, ಹಿಂತಿರುಗುವ ನ್ಯೂಟ್ರಲ್ ಎರಡೂ ಅದರ ನಡುವೆ ಹಾಯುತ್ತವೆ. ಹೋದಷ್ಟೂ ಹಿಂತಿರುಗಿದರೆ ಎರಡರ ಕಾಂತಶಕ್ತಿ ಪರಸ್ಪರ ವಜಾ ಆಗುತ್ತದೆ. ಹೋದದ್ದರಲ್ಲಿ ಒಂದು ಪಾಲು ನೆಲಕ್ಕೆ ಇಳಿದರೆ ಲೆಕ್ಕ ತಪ್ಪುತ್ತದೆ, ಸ್ವಿಚ್ಚು ಬೀಳುತ್ತದೆ. 30 ಮಿಲಿಆಂಪಿಯರ್ ಎಂದು ಬರೆದಿರುವ ಸಾಮಾನ್ಯ ಆರ್‌ಸಿಸಿಬಿ ಅಷ್ಟು ಸೋರಿಕೆಗೆ 0.3 ಸೆಕೆಂಡಿನೊಳಗೆ ಬೀಳಲೇಬೇಕು. ಸೋರಿಕೆ ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ. 15 ಮಿಲಿಆಂಪಿಯರ್ ದಾಟಿದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು, ಅದು ದೋಷವಲ್ಲ.

ಈಗ ಸೋರಿಕೆ ಹುಡುಕುವ ಕೆಲಸ. ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಎತ್ತಿ, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಸಾಲಿನಲ್ಲಿರುವ ಉಪಕರಣಗಳ ಪ್ಲಗ್ ಕಿತ್ತು, ಮತ್ತೆ ಒಂದೊಂದನ್ನೇ ಹಾಕಿ ನೋಡಿ. ಪ್ಲಗ್ಗನ್ನು ಪೂರ್ತಿ ಕೀಳಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಇಲ್ಲೇ ಎಷ್ಟೋ ಎಲೆಕ್ಟ್ರಿಷಿಯನ್‌ಗಳೂ ಎಡವುತ್ತಾರೆ. ಸಾಮಾನ್ಯ ಸ್ವಿಚ್ಚಾಗಲಿ, ಒಂಟಿ ಪೋಲಿನ ಎಂಸಿಬಿಯಾಗಲಿ ಕತ್ತರಿಸುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಉಳಿದಿರುತ್ತದೆ. ಉಪಕರಣದೊಳಗೆ ನ್ಯೂಟ್ರಲ್, ನೆಲಕ್ಕೆ ಜೋಡಿಸಿದ ಅರ್ಥ್ ವೈರಿಗೆ ತಾಗಿದ್ದರೆ ಆ ಎಂಸಿಬಿ ಇಳಿದಿದ್ದಾಗಲೂ ಆರ್‌ಸಿಸಿಬಿ ಬೀಳಬಹುದು. ಹಾಗಾಗಿ, ಎಲ್ಲ ಎಂಸಿಬಿ ಇಳಿಸಿದರೂ ನಿಲ್ಲದಿದ್ದರೆ "ಸ್ವಿಚ್ಚೇ ಕೆಟ್ಟಿದೆ" ಎಂದು ತೀರ್ಮಾನಿಸಬೇಡಿ. ಮೊದಲು ಎಲ್ಲ ಪ್ಲಗ್ ಕೀಳಿ.

ಮಳೆಯ ದಿನ ಹೆಚ್ಚು ಬೀಳುತ್ತದೆ ಎಂದಿದ್ದೀರಿ. ಹಾಗಾದರೆ ನನ್ನ ಅನುಮಾನ ಹೊರಗಿನ ವೈರಿಂಗಿನ ಮೇಲೆ: ಗೇಟಿನ ದೀಪ, ಕರೆಗಂಟೆಯ ಗುಂಡಿ, ನೀರೆತ್ತುವ ಮೋಟಾರು, ನೀರಿಳಿಯುವ ಗೋಡೆಯೊಳಗಿನ ಜಂಕ್ಷನ್ ಬಾಕ್ಸ್. ಬಿಸಿಲಿದ್ದಾಗಲೂ ಬೀಳುವುದಕ್ಕೆ ಕಾರಣ ಬಿರುಕು ಬಿಟ್ಟ ಗೀಸರ್ ಕಾಯಿಲ್ ಇರಬಹುದು. ಒಂದೇ ಕಾರಣ ಇರಬೇಕೆಂದಿಲ್ಲ. ಎರಡು ಕಡೆ ಸ್ವಲ್ಪ ಸ್ವಲ್ಪ ಸೋರುತ್ತಿದ್ದರೂ ಆರ್‌ಸಿಸಿಬಿಗೆ ಕಾಣುವುದು ಒಟ್ಟು ಮೊತ್ತವೇ. ವೈರಿಂಗಿನಲ್ಲೇ ದೋಷ ಎಂದು ತೋರಿದರೆ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಇರುವ ಎಲೆಕ್ಟ್ರಿಷಿಯನ್ ಅನ್ನೇ ಕರೆಸಿ.

ಪ್ರಶ್ನೆ: ನಮ್ಮದು ಹಳೆಯ ಕಟ್ಟಡ, ಅರ್ಥಿಂಗ್ ಇಲ್ಲ. ಅರ್ಥಿಂಗ್ ಇಲ್ಲದೆ ಆರ್‌ಸಿಸಿಬಿ ಹಾಕಿಸಿ ಪ್ರಯೋಜನವಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಪ್ರಯೋಜನ ಖಂಡಿತ ಇದೆ. ಆರ್‌ಸಿಸಿಬಿ ಕೆಲಸ ಮಾಡಲು ಅರ್ಥ್ ವೈರು ಬೇಕಾಗಿಲ್ಲ. ಆದರೆ ಅರ್ಥಿಂಗ್ ಇದ್ದಾಗಿನ ರಕ್ಷಣೆಗೂ ಇಲ್ಲದಾಗಿನ ರಕ್ಷಣೆಗೂ ಇರುವ ಅಂತರವನ್ನು ತಿಳಿದಿರಬೇಕು. ವಾಷಿಂಗ್ ಮೆಷಿನ್ನಿನ ಕಬ್ಬಿಣದ ಮೈಗೆ ಫೇಸ್ ತಾಗಿತು ಎನ್ನಿ. ಅರ್ಥಿಂಗ್ ಇದ್ದರೆ ಕರೆಂಟು ಆ ಕ್ಷಣವೇ ಅರ್ಥ್ ವೈರಿನಲ್ಲಿ ಇಳಿಯುತ್ತದೆ. ಯಾರೂ ಮುಟ್ಟುವ ಮೊದಲೇ ಸ್ವಿಚ್ಚು ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಯಂತ್ರ ಸುಮ್ಮನೆ ಕರೆಂಟು ಹೊದ್ದು ನಿಂತಿರುತ್ತದೆ. ಸೋರಲು ದಾರಿ ಸಿಗುವುದು ಯಾರಾದರೂ ಮುಟ್ಟಿದಾಗ. ಆಗ ಸ್ವಿಚ್ಚು ಬೀಳುತ್ತದೆ ನಿಜ, ಆದರೆ ಶಾಕ್ ಒಬ್ಬರ ಮೈಮೇಲೆ ಹಾದ ಮೇಲೆ.

ಆದ್ದರಿಂದ ಇಂದೇ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಕೆಲಸವನ್ನೂ ಕೈಬಿಡಬೇಡಿ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿ ಒತ್ತಿದಾಗ ಬಿತ್ತು, ಹಾಗಾಗಿ ಅರ್ಥಿಂಗ್ ಚೆನ್ನಾಗಿದೆ ಎಂದು ಹಲವರು ನಂಬಿದ್ದಾರೆ. ಆ ಗುಂಡಿ ಒಳಗಿನ ಒಂದು ರೆಸಿಸ್ಟರ್ ಮೂಲಕ ಕೋರನ್ನು ತಪ್ಪಿಸಿ ಸ್ವಲ್ಪ ಕರೆಂಟು ಹರಿಸುತ್ತದೆ, ಅಷ್ಟೇ. ಅರ್ಥಿಂಗ್ ಪೂರ್ತಿ ಕಿತ್ತುಹೋಗಿದ್ದರೂ ಟೆಸ್ಟ್ ಪಾಸಾಗುತ್ತದೆ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಒಂದೇ ಆರ್‌ಸಿಸಿಬಿಯ ಮೇಲೆ ಸುಮಾರು ಇಪ್ಪತ್ತೈದು ಕಂಪ್ಯೂಟರ್‌ಗಳಿವೆ. ಬೆಳಿಗ್ಗೆ ಎಲ್ಲರೂ ಆನ್ ಮಾಡಿದಾಗ ಬೀಳುತ್ತದೆ. ಪರೀಕ್ಷಿಸಿದರೆ ಯಾವುದರಲ್ಲೂ ದೋಷವಿಲ್ಲ. 30ರ ಬದಲು 100 ಮಿಲಿಆಂಪಿಯರಿನದು ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಬೀಳುವುದು ನಿಲ್ಲಬಹುದು, ಆದರೆ ಜನರಿಗೆ ಇದ್ದ ರಕ್ಷಣೆ ಹೋಗುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿರುವ ಫಿಲ್ಟರ್ ಸರಿಯಾಗಿದ್ದಾಗಲೂ ಒಂದಿಷ್ಟು ಕರೆಂಟನ್ನು ಅರ್ಥಿಗೆ ಬಿಡುತ್ತದೆ. ಒಂದೊಂದಕ್ಕೆ ಒಂದು ಮಿಲಿಆಂಪಿಯರ್ ಎಂದರೂ ಇಪ್ಪತ್ತೈದಕ್ಕೆ 25 ಆಯಿತು. ಒಟ್ಟಿಗೆ ಆನ್ ಮಾಡಿದ ಗಳಿಗೆಯಲ್ಲಿ ಇನ್ನೂ ಹೆಚ್ಚು. ಯಾರ ತಪ್ಪೂ ಇಲ್ಲ, ಮೊತ್ತ ಮಿತಿ ದಾಟುತ್ತಿದೆ.

ಪರಿಹಾರವೆಂದರೆ ಹಂಚುವುದು. ಏಳೆಂಟು ಕಂಪ್ಯೂಟರಿಗೆ ಒಂದರಂತೆ 30 ಮಿಲಿಆಂಪಿಯರಿನ ಆರ್‌ಸಿಬಿಒ ಹಾಕಿಸಿ. ಅದರಲ್ಲಿ ಎಂಸಿಬಿಯ ಕೆಲಸವೂ ಸೇರಿರುತ್ತದೆ. ಒಂದು ಬಿದ್ದರೆ ಆ ಸಾಲು ಮಾತ್ರ ನಿಲ್ಲುತ್ತದೆ, ಇಡೀ ಕಚೇರಿ ಕತ್ತಲಾಗುವುದಿಲ್ಲ. ಮುಖ್ಯ ಬೋರ್ಡಿನಲ್ಲಿ 100 ಅಥವಾ 300 ಮಿಲಿಆಂಪಿಯರಿನ, ಸ್ವಲ್ಪ ತಡೆದು ಬೀಳುವ ಎಸ್ ಮಾದರಿಯದನ್ನು ಇಡಬಹುದು. ಸೋರಿಕೆಯಿಂದ ಬೆಂಕಿ ಹೊತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ. ಕೊಳ್ಳುವಾಗ ಎಸಿ ಟೈಪ್ ಬೇಡ, ಎ ಟೈಪ್ ಕೇಳಿ. ಎಲೆಕ್ಟ್ರಾನಿಕ್ ಉಪಕರಣಗಳಿಂದ ಸೋರುವ ಕರೆಂಟಿನ ಅಲೆ ತುಂಡಾಗಿರಬಹುದು, ಎಸಿ ಟೈಪಿಗೆ ಅದು ಕಾಣದೇ ಹೋಗಬಹುದು. ವೈರಿಂಗ್ ಹಂಚುವಾಗ ಒಂದು ಆರ್‌ಸಿಬಿಒದ ನ್ಯೂಟ್ರಲ್ ಇನ್ನೊಂದರದ್ದಕ್ಕೆ ಸೇರದಂತೆ ಎಚ್ಚರವಹಿಸಲು ಹೇಳಿ. ಸೇರಿದರೆ ಎರಡೂ ಬೀಳುತ್ತಲೇ ಇರುತ್ತವೆ.

ಪ್ರಶ್ನೆ: ಆರ್‌ಸಿಸಿಬಿ ಇದ್ದರೂ ನನ್ನ ತಮ್ಮನಿಗೆ ಜೋರಾಗಿ ಶಾಕ್ ಹೊಡೆಯಿತು. ಸ್ವಿಚ್ಚು ಬಿದ್ದಿತ್ತು. ಹಾಗಾದರೆ ಅದು ಕೆಲಸ ಮಾಡಿದೆಯೇ?

ಉತ್ತರ: ಮಾಡಿದೆ. ಮೈಯಲ್ಲಿ ಎಷ್ಟು ಕರೆಂಟು ಹರಿಯಬೇಕು ಎಂಬುದನ್ನು ಅದು ತಡೆಯಲಾರದು, ಎಷ್ಟು ಹೊತ್ತು ಹರಿಯಬೇಕು ಎಂಬುದನ್ನು ಮಾತ್ರ ಕಡಿತಗೊಳಿಸುತ್ತದೆ. ಹೊಡೆತ ಗೊತ್ತಾಗಿಯೇ ಆಗುತ್ತದೆ. ಅವರಿಗೆ ಎದೆನೋವು, ತಲೆಸುತ್ತು, ಸುಟ್ಟಗಾಯ ಏನಾದರೂ ಇದ್ದರೆ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ಒಣ ಮರದ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಮುಟ್ಟಿದರೆ ಆರ್‌ಸಿಸಿಬಿ ಬೀಳುವುದೇ ಇಲ್ಲ. ಹೋದದ್ದೆಲ್ಲ ದೇಹದ ಮೂಲಕವೇ ನ್ಯೂಟ್ರಲ್ಲಿಗೆ ಹಿಂತಿರುಗುವುದರಿಂದ ಅದರ ಲೆಕ್ಕ ಸರಿಹೋಗುತ್ತದೆ, ನಾವೂ ಒಂದು ಬಲ್ಬಿನಂತೆಯೇ ಅದಕ್ಕೆ. ರಿಪೇರಿಗೆ ಕೈ ಹಾಕುವ ಮೊದಲು ಮೇನ್ ಇಳಿಸಲೇಬೇಕು.

ಪ್ರಶ್ನೆ: ಟೆಸ್ಟ್ ಗುಂಡಿಯನ್ನು ಎಷ್ಟು ದಿನಕ್ಕೊಮ್ಮೆ ಒತ್ತಬೇಕು?

ಉತ್ತರ: ಸ್ವಿಚ್ಚಿನ ತಯಾರಕರು ಹೇಳಿರುವಷ್ಟು ದಿನಕ್ಕೊಮ್ಮೆ. ನನ್ನನ್ನು ಕೇಳಿದರೆ ತಿಂಗಳಿಗೊಮ್ಮೆ. ವರ್ಷಗಟ್ಟಲೆ ಅಲುಗಾಡದ ಸ್ವಿಚ್ಚಿನೊಳಗಿನ ಸನ್ನೆಕೋಲು ಬಿಗಿದು ಕೂರಬಹುದು. ಕರೆಂಟು ಇರುವಾಗಲೇ ಒತ್ತಬೇಕು. ಕಂಪ್ಯೂಟರ್ ಮೊದಲೇ ಬಂದ್ ಮಾಡಿಕೊಳ್ಳಿ. ಒತ್ತಿದರೂ ಬೀಳದಿದ್ದರೆ ಆ ಸ್ವಿಚ್ಚು ಇದ್ದೂ ಇಲ್ಲದಂತೆ, ಅವತ್ತೇ ಬದಲಾಯಿಸಿ.