ಕಾನೂನು ವಿದ್ಯಾರ್ಥಿಗಳು ಬರೆದುಕೊಂಡು ಹೋದ ಅರ್ಜಿ ಎಲ್ಲಿ ನಿಂತಿದೆ?

ಬಹುಶಃ ಕೇಸು ಇನ್ನೂ ದಾಖಲೇ ಆಗಿಲ್ಲ. ಮದ್ದೂರು ಹತ್ತಿರದ ನಿಮ್ಮೂರಿಗೆ ಬಂದ ವಿದ್ಯಾರ್ಥಿಗಳು ಅಮ್ಮನ ತವರಿನ ಜಮೀನಿನ ಪಾಲಿಗೆ ಅರ್ಜಿ ಬರೆದುಕೊಂಡು ಹೋಗಿ ನಾಲ್ಕು ತಿಂಗಳಾಯಿತು ಅಂದಿದ್ದೀರಿ. ಅವರು ಮೋಸ ಮಾಡಿರಲಿಕ್ಕಿಲ್ಲ. ವಕೀಲಿಕೆಯ ಸನ್ನದು ಸಿಗುವವರೆಗೆ ಅವರು ವಕಾಲತ್ತು ಹಾಕುವಂತಿಲ್ಲ, ಅಂದರೆ ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲುವಂತಿಲ್ಲ. ಅರ್ಜಿ ಬರೆಯಬಹುದು, ದಾರಿ ತೋರಿಸಬಹುದು, ಅಷ್ಟೇ. ಪರೀಕ್ಷೆ ಬಂತು ಅಂದರೆ ಕಾಗದ ಕಾಲೇಜಿನ ಬೀರುವಿನಲ್ಲೇ ಉಳಿಯುವುದೂ ಉಂಟು. ನಮ್ಮ ಅತ್ತೆಯದು ಹಾಗೇ ಆಗಿತ್ತು.

ಮೊದಲು ಆ ಕಾಲೇಜಿನ ಕಾನೂನು ನೆರವು ಘಟಕದ ಮೇಷ್ಟರಿಂದ ಅರ್ಜಿಯ ನಕಲು ಕೇಳಿ. ಸಿಗದಿದ್ದರೆ ಕಾಯುತ್ತಾ ಕೂರಬೇಡಿ, ಹೊಸದು ಬರೆಯಿರಿ. ಪಹಣಿ, ವಂಶವೃಕ್ಷ, ಆಧಾರ್ ಜೆರಾಕ್ಸ್ ಹಿಡಿದು ಅಮ್ಮನನ್ನು ಮದ್ದೂರು ಕೋರ್ಟಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ. ಉಚಿತ ವಕೀಲರು ಬೇಕು ಅಂತ ಅರ್ಜಿ ಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಳ್ಳಿ. ಸೀಲು ಮುಖ್ಯ, ಮರೀಬೇಡಿ.

ಆದಾಯ ಪ್ರಮಾಣಪತ್ರಕ್ಕೆ ಸುಮ್ನೆ ಅಲೆಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಅಲ್ಲಿ ಯಾರಾದರೂ ಸತಾಯಿಸಿದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಪಾಲು ಎಷ್ಟು ಬರುತ್ತದೆ ಅಂತ ನಾನು ಹೇಳಲಾರೆ. ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಮೊದಲೇ ವಿಭಾಗ ಆಗಿದೆಯೋ ಅನ್ನೋದರ ಮೇಲೆ ಅದು ನಿಂತಿದೆ. ಈ ನಡುವೆ ನಿಮ್ಮ ಸೋದರಮಾವಂದಿರು ಯಾವ ಕಾಗದಕ್ಕೆ ಸಹಿ ಕೇಳಿದರೂ, ವಕೀಲರಿಗೆ ತೋರಿಸದೆ ಅಮ್ಮ ಹೆಬ್ಬೆಟ್ಟೂ ಒತ್ತುವುದು ಬೇಡ.